ಟೇಪು, ಅಯಸ್ಕಾಂತ, ಒಂದು ಹಳೇ ಆಡಿ ಕ್ಯೂ7

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ ಜಾಬ್‌ವರ್ಕ್ ಶಾಪ್ ಇದೆ, ಅಂದರೆ ಕಂಪ್ಯೂಟರ್ ಯಂತ್ರದಲ್ಲಿ ಬೇರೆಯವರ ಲೋಹದ ಭಾಗ ಕಡೆದುಕೊಡುವ ಕೆಲಸ. ಕಾಸ್ಟಿಂಗ್ ಬರುತ್ತೆ, ಅಳೆಯುತ್ತೇವೆ, ಟರ್ನಿಂಗ್ ಮಾಡುತ್ತೇವೆ, ಮತ್ತೆ ಅಳೆಯುತ್ತೇವೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹಿಂಗಾಗಿ ಹಳೇ ಗಾಡಿ ಕೊಳ್ಳುವಾಗಲೂ ಆ ಅಳತೆ ಚಟ ಬಿಡಲಿಲ್ಲ.

ಮನೆಯಲ್ಲಿ ನಾವು ಏಳು ಜನ. ಅವ್ವನಿಗೆ ಮಂಡಿ ನೋವು, ಅಪ್ಪನಿಗೆ ಮುಂದಿನ ಸೀಟೇ ಬೇಕು, ಮಕ್ಕಳು ಮೂರು. 2024ರ ದೀಪಾವಳಿ ಹೊತ್ತಿಗೆ ಲೆಕ್ಕ ಹಾಕಿದೆ. ಹೊಸ ಫಾರ್ಚ್ಯೂನರ್ ಡೀಸೆಲ್ ಆಟೋಮ್ಯಾಟಿಕ್‌ಗೆ ಕೊಡುವ ದುಡ್ಡಿನಲ್ಲಿ ಆರೇಳು ವರ್ಷದ ದೊಡ್ಡ ಲಕ್ಷುರಿ ಗಾಡಿ ಬಂದು, ಮೇಲೆ ಒಂದಿಷ್ಟು ಕೈಯಲ್ಲಿ ಉಳಿಯುತ್ತೆ. ಪಕ್ಕದ ಶಾಪ್‌ನ ಗೆಳೆಯ ಮಾತ್ರ ಒಂದೇ ಮಾತಲ್ಲಿ ಗಾಳಿ ತೆಗೆದ. "ಆನಿ ತಗೊಳ್ಳೂದು ಸಸಾರ ಐತೋ ಮಾರಾಯಾ, ಮೇವಿಗೆ ಏನ್ ಮಾಡ್ತಿ?"

ಮೊದಲ ತಿಂಗಳು ನಾನೂ ಎಲ್ಲರ ಹಾಗೆ ರಾತ್ರಿ ಮೊಬೈಲ್ ಹಿಡಿದು ಯಾವ ಕಂಪನಿ ಗಾಡಿ ಕೆಡಲ್ಲ ಅಂತ ಓದಿದೆ. ಅಮೆರಿಕದ ಜೆ.ಡಿ. ಪವರ್, ಕನ್ಸ್ಯೂಮರ್ ರಿಪೋರ್ಟ್ಸ್, ಎಲ್ಲಾ. ಲೆಕ್ಸಸ್ ಮೇಲಿರುತ್ತೆ, ಅದು ಹೊಸ ಸುದ್ದಿ ಅಲ್ಲ. ಆದರೆ ಆ ಲೆಕ್ಕ ಹೇಗೆ ಹುಟ್ಟುತ್ತೆ ಅಂತ ನೋಡಿದರೆ ಮಜಾ ಇದೆ. ಜೆ.ಡಿ. ಪವರ್‌ನವರು ಮೂರು ವರ್ಷದ ಗಾಡಿಗಳ ಮಾಲೀಕರನ್ನು ಕೇಳಿ, ನೂರು ಗಾಡಿಗೆ ಎಷ್ಟು ತೊಂದರೆ ಅಂತ ಎಣಿಸುತ್ತಾರೆ. ಫೋನು ಬ್ಲೂಟೂತ್‌ಗೆ ಕೂಡಲಿಲ್ಲ ಅನ್ನುವುದೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋಯಿತು ಅನ್ನುವುದೂ ಒಂದು ತೊಂದರೆ. ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಎಂಜಿನ್, ಗೇರ್‌ಬಾಕ್ಸ್‌ನಂಥ ದೊಡ್ಡ ದೋಷಕ್ಕೆ ಜಾಸ್ತಿ ತೂಕ ಕೊಡುತ್ತಾರೆ, ಅದು ಸ್ವಲ್ಪ ವಾಸಿ. ಆದರೂ ಅಲ್ಲಿ ಓಡುವುದು ಬಹುತೇಕ ಪೆಟ್ರೋಲ್ ಗಾಡಿ. ನಾನು ನೋಡುತ್ತಿದ್ದದ್ದು ಡೀಸೆಲ್, ಅದೂ ಚೋರ್ಲಾ ಘಾಟಿನ ಗುಂಡಿ ಕಂಡದ್ದು. ನಮ್ಮ ಶಾಪ್‌ನಲ್ಲಿ ಲಾಟ್ ಪಾಸಾಯಿತು ಅಂದರೆ ಪ್ರತಿ ಪೀಸೂ ಸರಿ ಇದೆ ಅಂತ ಅಲ್ಲ. ನಾನು ಕೊಳ್ಳುವುದು ಒಂದೇ ಪೀಸು. ಅದು ಯಾರ ಕೈಯಲ್ಲಿತ್ತು, ಅದಕ್ಕೆ ಏನೇನಾಗಿದೆ, ನಾಳೆ ಕೆಟ್ಟರೆ ಬೆಳಗಾವಿಯಲ್ಲಿ ಯಾರು ಬಿಚ್ಚುತ್ತಾರೆ, ಇಷ್ಟು ನೋಡೋಣ ಅಂತ ಮೊಬೈಲ್ ಕೆಳಗಿಟ್ಟೆ.

ಮೊದಲ ಗಾಡಿ ಊರಲ್ಲೇ ಒಬ್ಬ ಏಜೆಂಟ್ ಹತ್ತಿರ ಇತ್ತು. ಕಂಪನಿ ಹೆಸರು ಹೇಳಲ್ಲ, ತಪ್ಪು ಗಾಡಿ ಮಾಡಿದವರದಲ್ಲ. ಮೀಟರಿನಲ್ಲಿ 61 ಸಾವಿರ, ಮೈಯೆಲ್ಲ ಪಾಲಿಶ್, ಒಳಗೆ ಘಮಘಮ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಫೋನಲ್ಲೇ ಹೇಳಿದ್ದೆ. ಹೋಗಿ ಬಾನೆಟ್ ಮೇಲೆ ಕೈ ಇಟ್ಟರೆ ಬಿಸಿ. ರಾತ್ರಿಯಿಡೀ ತಣ್ಣಗೆ ನಿಂತ ಡೀಸೆಲ್ ಎಂಜಿನ್ ಮೊದಲ ನಾಲ್ಕೈದು ಸೆಕೆಂಡಿನಲ್ಲಿ ಒಳಗಿನ ಚೈನ್ ಸದ್ದು, ಹೊಗೆ ಬಣ್ಣ ಎಲ್ಲ ತೋರಿಸಿಬಿಡುತ್ತೆ. ಬಿಸಿ ಮಾಡಿಟ್ಟರೆ ಅದೆಲ್ಲ ಮುಚ್ಚಿಹೋಗುತ್ತೆ.

ಜೇಬಿನಿಂದ ಬ್ಲೂಟೂತ್ ಒಬಿಡಿ ಡಾಂಗಲ್ ತೆಗೆದೆ, ಗಾಡಿಯ ಕಂಪ್ಯೂಟರ್ ಓದುವ ಸಣ್ಣ ಸಾಧನ ಅದು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತೆ, ಅದಕ್ಕೆ ಹಚ್ಚಿ ಮೊಬೈಲ್‌ನಲ್ಲಿ ಓದುವುದು. ದೋಷ ತೋರಿಸುವ ಫಾಲ್ಟ್ ಕೋಡ್ ಒಂದೂ ಇಲ್ಲ. ಏಜೆಂಟನ ಮುಖ ಅರಳಿತು. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅನ್ನುವ ಲೆಕ್ಕವನ್ನೂ ಎಂಜಿನ್ ಕಂಪ್ಯೂಟರ್ ಇಟ್ಟುಕೊಂಡಿರುತ್ತೆ. ನೋಡಿದರೆ 9 ಕಿಲೋಮೀಟರ್. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಮಾನಿಟರ್‌ಗಳಲ್ಲೂ ಅರ್ಧಕ್ಕರ್ಧ ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತಿದ್ದವು. ನಿನ್ನೆಯೋ ಇವತ್ತು ಬೆಳಿಗ್ಗೆಯೋ ಯಾರೋ ಸ್ಕ್ಯಾನರ್ ಹಚ್ಚಿ ಎಲ್ಲ ಒರೆಸಿದ್ದಾರೆ ಅಂತ ಆಯಿತಲ್ವಾ.

"ಬ್ಯಾಟರಿ ಬದಲಿ ಮಾಡೇವ್ರಿ ಸರ, ಅದಕ್ಕ ಹಂಗ ತೋರಸ್ತೈತಿ," ಅಂದ.

ಇರಬಹುದು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೂ ಹೀಗಾಗುತ್ತೆ. ಹಾಗಾದರೆ ಬ್ಯಾಟರಿ ತೋರಿಸ್ರಿ ಅಂದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿತ್ತು, ಸ್ಟಿಕರ್ 2020ರದು. ಇಬ್ಬರೂ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಅಲ್ಲಿಗೇ ಎದ್ದು ಬರಬೇಕಿತ್ತು. ಕಲಿಯೋಣ ಅಂತ ಅದೇ ಗಾಡಿಯಲ್ಲಿ ಇನ್ನೂ ಎರಡು ವಿಷಯ ನೋಡಿದೆ. ಡ್ರೈವರ್ ಸೀಟಿನ ಬೆಲ್ಟ್ ಪೂರ್ತಿ ಎಳೆದರೆ ಬುಡದಲ್ಲಿ ಒಂದು ಚೀಟಿ ಇರುತ್ತೆ, ತಯಾರಾದ ತಾರೀಕು ಅದರಲ್ಲಿರುತ್ತೆ. ಈ ಬೆಲ್ಟು ಗಾಡಿಗಿಂತ ಮೂರು ವರ್ಷ ಚಿಕ್ಕದು. ಜೋರಾಗಿ ಗುದ್ದಿದಾಗ ಬೆಲ್ಟನ್ನು ಬಿಗಿ ಎಳೆಯುವ ಟೆನ್ಷನರ್ ಸಿಡಿಯುತ್ತೆ, ಆಮೇಲೆ ಬೆಲ್ಟೇ ಬದಲಿಸಬೇಕು. ಇನ್ಶೂರೆನ್ಸ್ ಪಾಲಿಸಿ ಕೇಳಿದೆ. ಕ್ಲೇಮ್ ಮಾಡದೆ ಐದು ವರ್ಷ ಕಳೆದರೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ್ದಕ್ಕೆ ಕೊಡುವ ರಿಯಾಯಿತಿ, ಶೇ. 50 ಇರುತ್ತೆ. ಇದರಲ್ಲಿ ಶೇ. 20, ಅಂದರೆ ಒಂದೇ ವರ್ಷದ್ದು. "ಒಂದು ಗೀರೂ ಬಿದ್ದಿಲ್ರಿ" ಅಂದ ಮಾತಿಗೂ ಆ ಕಾಗದಕ್ಕೂ ತಾಳೆ ಆಗಲಿಲ್ಲ.

ಎರಡನೆಯದು ಕೊಲ್ಹಾಪುರದಲ್ಲಿ, ಮಾಲೀಕರು ಒಬ್ಬ ಡಾಕ್ಟರ್. ಒಳ್ಳೆಯ ಮನುಷ್ಯ, ಬಿಲ್ಲೆಲ್ಲ ಇಟ್ಟಿದ್ದರು, ಓಡಿಸಿದರೆ ಬೆಣ್ಣೆ. ಏರ್ ಸಸ್ಪೆನ್ಷನ್ ಇದ್ದ ಗಾಡಿ, ಅಂದರೆ ಸ್ಪ್ರಿಂಗ್ ಬದಲು ಗಾಳಿ ಚೀಲದ ಮೇಲೆ ನಿಲ್ಲುವುದು. ಅಲ್ಲಿ ನಮ್ಮ ಮಾವನ ಮನೆ ಇರುವುದರಿಂದ ರಾತ್ರಿ ಉಳಿದೆ. ಸಂಜೆ ಆರಕ್ಕೆ ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮೇಲಿನ ಕಮಾನಿನ ತನಕ ನಾಲ್ಕೂ ಮೂಲೆ ಟೇಪಿನಲ್ಲಿ ಅಳೆದು ಬರೆದುಕೊಂಡೆ. ಬಾಗಿಲು ತೆಗೆಯಬೇಡಿ, ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ಬಂದೆ. ಬೆಳಿಗ್ಗೆ ಏಳಕ್ಕೆ ಹೋಗಿ ಮತ್ತೆ ಹಿಡಿದೆ. ಮೂರು ಮೂಲೆಯಲ್ಲಿ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ, ಅದು ಲೆಕ್ಕಕ್ಕಿಲ್ಲ. ಹಿಂದಿನ ಎಡಗಡೆ 38 ಮಿಲಿಮೀಟರ್ ಇಳಿದಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಕಂಪ್ರೆಸರ್ ಗುರ್ ಅಂತ ಎತ್ತಿ ಸಮ ಮಾಡಿಬಿಟ್ಟಿತು. ಅದಕ್ಕೇ ಡಾಕ್ಟರಿಗೆ ಗೊತ್ತೇ ಇರಲಿಲ್ಲ, ನಿಜವಾಗಿಯೂ ಗಾಬರಿಯಾದರು. ಗಾಳಿ ಸೋರುವ ಚೀಲ ಒಂದು ಕಡೆ. ಅದನ್ನು ತುಂಬಿಸಿ ತುಂಬಿಸಿ ಕಂಪ್ರೆಸರೂ ಸವೆದಿರುತ್ತೆ, ಜನ ಅದನ್ನು ಮರೆಯುತ್ತಾರೆ. ಬೆಲೆ ಇಳಿಸುತ್ತೇನೆ ಅಂದರು. ಆದರೆ ಅದು ಎಂಎಚ್ 09, ಮಹಾರಾಷ್ಟ್ರದ ಗಾಡಿ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೇಲ್ಪಟ್ಟ ಹೊಸ ಗಾಡಿಗೆ ಕರ್ನಾಟಕದಲ್ಲಿ ಶೇ. 18. ಹಳೆಯದಾದಷ್ಟು ಇಳಿಯುತ್ತೆ ನಿಜ, ಆದರೂ ಲಕ್ಷಗಳ ಮಾತು. ಬಿಟ್ಟೆ.

ಮೂರನೆಯದು ಧಾರವಾಡದ್ದು. 2018ರ ಆಡಿ ಕ್ಯೂ7 ಡೀಸೆಲ್, ಕೆಎ 25, ಒಂದೇ ಕೈ, 78 ಸಾವಿರ ಕಿಲೋಮೀಟರ್. 3 ಲೀಟರ್ ವಿ6, 249 ಅಶ್ವಶಕ್ತಿ. ಈ ಸಲ ಅಪ್ಪನೂ ಬಂದಿದ್ದರು, ಜೇಬಿನಲ್ಲಿ ಶಾಪ್‌ನ ಅಯಸ್ಕಾಂತ ಹಾಕಿಕೊಂಡು. ಅಂಬಾಸಿಡರ್ ಕಾಲದ ವಿದ್ಯೆ ಅದು, ಅಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಬಾಗಿಲಿಗೆ ಹಚ್ಚಿದರು, ಹಿಡಿಯಲಿಲ್ಲ. ಇನ್ನೊಂದು ಬಾಗಿಲು, ಇಲ್ಲ. ಬಾನೆಟ್, ಅದೂ ಇಲ್ಲ. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, "ಲೇ ತಮ್ಮಾ, ಗಾಡಿ ತುಂಬ ಪುಟ್ಟಿನ ಐತಿ, ನಡಿ ಮನಿಗೆ ಹೋಗೂಣು," ಅಂದರು.

ಈ ಕ್ಯೂ7ನ ಬಾಗಿಲು, ಬಾನೆಟ್, ಮುಂದಿನ ಫೆಂಡರ್ ಎಲ್ಲ ಅಲ್ಯೂಮಿನಿಯಂ! ನಾನು ಪೌಡರ್ ಕೋಟಿಂಗ್ ಮಾಡುವ ಗೆಳೆಯನಿಂದ ಕಬ್ಬಿಣ, ಅಲ್ಯೂಮಿನಿಯಂ ಎರಡರ ಮೇಲೂ ಬಣ್ಣದ ದಪ್ಪ ಓದುವ ಪೇಂಟ್ ಗೇಜ್ ತಂದಿದ್ದೆ. ಕಬ್ಬಿಣ ಮಾತ್ರ ಓದುವ ಗೇಜ್ ಇಂಥ ಗಾಡಿಗೆ ಉಪಯೋಗಕ್ಕೆ ಬರಲ್ಲ. ಎಲ್ಲ ಕಡೆ 110ರಿಂದ 130 ಮೈಕ್ರಾನ್, ಕಂಪನಿ ಬಣ್ಣ. ಹಿಂದಿನ ಎಡ ಬಾಗಿಲು ಮಾತ್ರ 240. ನಾನು ಬಾಯಿ ತೆಗೆಯುವ ಮೊದಲೇ ಗಾಡಿ ಮಾಲೀಕರ ಡ್ರೈವರ್, "ಅದು ಗೇಟಿಗೆ ತಾಗಿತ್ರಿ ಸಾಹೇಬ್ರ, ನನ್ನ ತಪ್ಪ. ಯಜಮಾನ್ರು ಕೈಯಿಂದ ಕೊಟ್ಟು ಬಣ್ಣ ಹೊಡಿಸಿದ್ರು," ಅಂದ. ಪಾಲಿಸಿಯಲ್ಲಿ ಎನ್‌ಸಿಬಿ ಶೇ. 50. ಇಲ್ಲಿ ತಾಳೆ ಆಯಿತು.

ಯಜಮಾನರಿಗಿಂತ ಡ್ರೈವರ್ ಹತ್ತಿರ ಜಾಸ್ತಿ ಹೊತ್ತು ಕೂತೆ. ಗೇಟಿನ ಹೊರಗೆ ಒಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲಿ ಡೀಸೆಲ್ ಹಾಕಿಸುತ್ತಿದ್ದರು, ಯಾರು ಓಡಿಸುತ್ತಿದ್ದರು, ಎಸಿ ಯಾವಾಗ ಸೋತಿತ್ತು, ಎಲ್ಲ ಹೇಳಿದ. ಆಮೇಲೆ ಸರ್ವೀಸ್ ಫೈಲು. ಬಹಳ ಜನ ಇಲ್ಲಿ ದೊಡ್ಡ ಬಿಲ್ ನೋಡಿ ಹೆದರುತ್ತಾರೆ. ನಾನು ಹೆದರುವುದು ತೀರಾ ಸಣ್ಣ ಬಿಲ್ ನೋಡಿ, ಏನೂ ಮಾಡಿಸಿಲ್ಲ ಅಂತ ಅರ್ಥ. ಇನ್ನೊಂದು, ಒಂದೇ ದೂರು ಮೂರು ಸಲ ಬಂದಿದೆಯಾ ಅಂತ ನೋಡಬೇಕು. ಸೆನ್ಸರ್ ಬದಲಿಸಿದರು, ಆರು ತಿಂಗಳಿಗೆ ಅದೇ ಸೆನ್ಸರ್, ಮತ್ತೆ ಅದೇ. ಅಂಥದ್ದು ಯಾರಿಗೂ ಸಿಗದ ರೋಗ, ಅದು ಮುಂದಿನವನ ತಲೆಗೆ ಬರುತ್ತೆ. ಇದರಲ್ಲಿ ಹಾಗಿರಲಿಲ್ಲ. ಪ್ರತಿ ಬಿಲ್ಲಿನ ಕಿಲೋಮೀಟರ್ ಬರೆದುಕೊಂಡು ಹೋದೆ, ವರ್ಷಕ್ಕೆ 12-13 ಸಾವಿರದ ಹಾಗೆ ಏರುತ್ತಲೇ ಇತ್ತು, ಎಲ್ಲೂ ಹಿಂದಕ್ಕೆ ಬಂದಿರಲಿಲ್ಲ.

ಸನ್‌ರೂಫ್ ತೆಗೆದು ಮೂಲೆಯ ಕಾಲುವೆಗೆ ಒಂದು ಲೀಟರ್ ನೀರು ನಿಧಾನ ಸುರಿದೆ. ಕೆಳಗೆ ಎರಡೂ ಬದಿ ಸರಾಗ ಇಳಿಯಿತು. ಬೆಳಗಾವಿ ಮಳೆಯಲ್ಲಿ ಈ ನಳಿಕೆ ಕಟ್ಟಿದರೆ ನೀರು ಕಾರ್ಪೆಟ್ ಕೆಳಗೆ ಸೇರುತ್ತೆ, ವೈರಿಂಗ್ ಇರುವುದೂ ಅಲ್ಲೇ. ಟೇಪಿನ ಪರೀಕ್ಷೆಯೂ ಆಯಿತು, ಒಂದು ರಾತ್ರಿಗೆ ನಾಲ್ಕೂ ಮೂಲೆ 3 ಮಿಲಿಮೀಟರ್ ಒಳಗೆ. ಯಜಮಾನರು ನಂಬಿ ಗಾಡಿ ಒಂದು ದಿನ ಕೊಟ್ಟರು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಎಸಿ ಪೂರ್ತಿ ಹಾಕಿ ವಂಟಮುರಿ ಘಾಟ್ ಹತ್ತಿಸಿದೆ. ಹಾಡು ಬಂದ್, ಕಿಟಕಿ ಬಂದ್. ಮಕ್ಕಳಿಗೆ ಮಾತಾಡಬೇಡಿ ಅಂತ ಹೇಳಿದ್ದು ಮಾತ್ರ ಯಾರೂ ಕೇಳಲಿಲ್ಲ. ಇಳಿಯುವಾಗ ಗೇರ್‌ಬಾಕ್ಸ್ ಬಿಸಿಯಾಗಿರುತ್ತೆ, ಆಗ ಟ್ರಾಫಿಕ್‌ನಲ್ಲಿ ನಡೆದ ಹಾಗೆ ನಿಧಾನ ಹೋಗಿ ಎರಡರಿಂದ ಒಂದಕ್ಕೆ ಬೀಳುವಾಗ ಝಟ್ಕಾ ಇದೆಯಾ ಅಂತ ನೋಡಬೇಕು. ಇರಲಿಲ್ಲ. ಅವ್ವ ಮೂರನೇ ಸಾಲಿಗೆ ಹತ್ತಲೇ ಇಲ್ಲ, "ಅದು ಹುಡ್ರಿಗೆ ಇರ್ಲಿ" ಅಂತ ನಡುವಿನ ಸಾಲಿನಲ್ಲಿ ಕೂತಳು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಬಾಕಿ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಆಡಿ ನಮ್ಮ ದೇಶದಲ್ಲಿ ಡೀಸೆಲ್ ಗಾಡಿ ನಿಲ್ಲಿಸಿತು. ಹಾಗಾದರೆ ಪಾರ್ಟು? ಪುಣೆಯ ಇಬ್ಬರು ಬಿಡಿಭಾಗದ ವ್ಯಾಪಾರಿಗಳಿಗೆ ಫೋನ್ ಮಾಡಿ ಬ್ರೇಕ್ ಪ್ಯಾಡ್, ಹಿಂದಿನ ಏರ್ ಸ್ಪ್ರಿಂಗ್, ವಾಟರ್ ಪಂಪ್ ಮೂರರ ಬೆಲೆ ಕೇಳಿದೆ, ಅದಕ್ಕಿಂತ ಮುಖ್ಯವಾಗಿ ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿದೆ. ಪ್ಯಾಡ್ ಮರುದಿನ, ಉಳಿದವು ವಾರದೊಳಗೆ. ನಮ್ಮ ಖಾನಾಪುರ ರಸ್ತೆಯ ಮೆಕ್ಯಾನಿಕ್ ಈ ಗಾಡಿ ಮೊದಲೇ ಬಿಚ್ಚಿದವನು, ಸ್ಕ್ಯಾನರೂ ಇದೆ. ಇದಿಲ್ಲದಿದ್ದರೆ ಗಾಡಿ ಎಷ್ಟೇ ಗಟ್ಟಿ ಇದ್ದರೂ ನಾನು ಕೊಳ್ಳುತ್ತಿರಲಿಲ್ಲ. ಮೂರು ದಿನದ ಕೆಲಸಕ್ಕೆ ಗಾಡಿ ಟ್ರಕ್ ಮೇಲೆ ಹೇರಿ ಪುಣೆಗೆ ಕಳಿಸುವುದು ಯಾರಿಗೆ ಬೇಕು? ಉಳಿದ ದುಡ್ಡಿನಲ್ಲಿ 4 ಲಕ್ಷ ಗಾಡಿ ಹೆಸರಲ್ಲೇ ಎಫ್‌ಡಿ ಇಟ್ಟೆ. ಮೇವಿನ ದುಡ್ಡು.

ತಂದ ಮೇಲೆ ಟೈರ್ ನಾಲ್ಕೂ ಬದಲಿಸಿದೆ. ಟ್ರೆಡ್ ಇನ್ನೂ ಸ್ವಲ್ಪ ಉಳಿದಿದ್ದರೂ ಬದಿಯಲ್ಲಿ 3418 ಅಂತ ಇತ್ತು, 2018ರ 34ನೇ ವಾರದ್ದು, ರಬ್ಬರ್ ಗಟ್ಟಿಯಾಗಿತ್ತು. 82 ಸಾವಿರಕ್ಕೆ ಗೇರ್‌ಬಾಕ್ಸ್ ಎಣ್ಣೆಯನ್ನೂ ಬದಲಿಸಿದೆ. ಇದು ಜೀವನಪೂರ್ತಿ ಎಣ್ಣೆ, ಮುಟ್ಟಬೇಡಿ ಅಂತ ಹೇಳುವವರಿದ್ದಾರೆ. ಆ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯವರೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತಾರೆ, ನಾನು ಅವರ ಮಾತು ಕೇಳಿದೆ.

ಇಷ್ಟೆಲ್ಲ ನೋಡಿದವನು ಎರಡನೇ ಕೀ ಕೇಳುವುದನ್ನು ಮರೆತಿದ್ದೆ. ಮನೆಯವಳು "ಇನ್ನೊಂದು ಕೀಲಿ ಎಲ್ಲೈತ್ರಿ?" ಅಂದಾಗಲೇ ನೆನಪಾಗಿದ್ದು. ಧಾರವಾಡಕ್ಕೆ ಫೋನ್ ಮಾಡಿದೆ. ಯಜಮಾನರಿಗೆ ಗೊತ್ತಿರಲಿಲ್ಲ, ಡ್ರೈವರಿಗೆ ಗೊತ್ತಿತ್ತು. ನಾಲ್ಕನೇ ದಿನ ಸಿಬಿಟಿ ಬಸ್ ನಿಲ್ದಾಣದಲ್ಲಿ ಧಾರವಾಡ ಬಸ್ಸಿನ ಕಂಡಕ್ಟರ್ ನನ್ನ ಹೆಸರು ಬರೆದ ಪೇಡೆ ಡಬ್ಬಿ ಕೊಟ್ಟ. ಅರ್ಧ ಡಬ್ಬಿ ಪೇಡೆ, ನಡುವೆ ಪ್ಲಾಸ್ಟಿಕ್ ಸುತ್ತಿದ ಕೀಲಿ.