ಹಳೆಯ ಕೋವಿ ಕೊಳ್ಳುವಿರಾ? ಮೊದಲು ನಳಿಗೆಯೊಳಗೆ ಇಣುಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಎಷ್ಟೋ ಅಡಿಕೆ ತೋಟದ ಮನೆಗಳಲ್ಲಿ ಕೋವಿಯೂ ಕತ್ತಿ, ದೋಟಿಗಳ ಸಾಲಿಗೇ ಸೇರಿದ ಸಾಮಾನು. ಮಂಗಗಳ ಹಿಂಡು ತೋಟಕ್ಕೆ ನುಗ್ಗಿದಾಗ ಹೆದರಿಸಲು ಒಂದು ಈಡು, ಹಂದಿ ಗದ್ದೆಗಿಳಿದ ರಾತ್ರಿ ಇನ್ನೊಂದು. ಮಕ್ಕಳು ಬೆಂಗಳೂರು ಸೇರಿ, ಹಿರಿಯರಿಗೆ ಪರವಾನಗಿ ನವೀಕರಣಕ್ಕೆ ಓಡಾಡುವುದು ಸಾಕಾಗಿ ಇಂಥ ಮನೆಗಳ ಕೋವಿಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವವರಲ್ಲಿ ಹಲವರು ಮರದ ಹೊಳಪು ನೋಡಿ, ಅಜ್ಜ ಹುಲಿ ಹೊಡೆದ ಕಥೆ ಕೇಳಿ ಬೆಲೆ ಕಟ್ಟಿಬಿಡುತ್ತಾರೆ. ಹುಲಿಯ ಕಥೆಗೆ ದುಡ್ಡು ಕೊಡಬೇಡಿ. ಈ ಮಳೆನಾಡಿನಲ್ಲಿ ಕೋವಿಯ ಯೋಗ್ಯತೆಯನ್ನು ನಿರ್ಧರಿಸುವುದು ತುಕ್ಕು ಮತ್ತು ಕಾಗದಪತ್ರ, ಎರಡೇ.

ಕಾಗದದಿಂದಲೇ ಶುರು ಮಾಡಿ. ಮಾರುವವರ ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಯೂ ಕೋವಿಯ ಮೇಲೆ ಕೆತ್ತಿದ ಸಂಖ್ಯೆಯೂ ಅಕ್ಷರ ಬಿಡದೆ ಹೊಂದಬೇಕು. ಸಂಖ್ಯೆ ಸವೆದಿದ್ದರೆ, ಅರ ಹಾಕಿದ ಗುರುತಿದ್ದರೆ, ಕೋವಿ ಎಷ್ಟೇ ಚೆನ್ನಾಗಿರಲಿ, ಕೈ ಮುಗಿದು ಎದ್ದು ಬನ್ನಿ. ಸಂಖ್ಯೆ ಅಳಿಸಿದ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದವರು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ನಿಮ್ಮದು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ ಎಂಬುದೂ ನೆನಪಿರಲಿ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿನಾಯಿತಿಯನ್ನು ನಮ್ಮ ಜಿಲ್ಲೆಯಲ್ಲಿ ಉದಾಹರಿಸಿ ಪ್ರಯೋಜನವಿಲ್ಲ. ನಿಮ್ಮ ಹೆಸರಿಗೆ ಪರವಾನಗಿ ಆಗಿರದಿದ್ದರೆ ಮುಂಗಡವನ್ನೂ ಕೊಡಬೇಡಿ.

ಜೋಡಿನಳಿಗೆಯ ಕೋವಿ ಕೈಗೆ ಬಂದೊಡನೆ ಕೀಲಿನಲ್ಲಿ ಮಡಚಿ ತೆರೆಯಿರಿ, ಎರಡೂ ನಳಿಗೆ ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. 'ಖಾಲಿಯೇ ಇದೆ ಮಾರಾಯರೆ, ಹತ್ತು ವರ್ಷದಿಂದ ಹಾಗೇ ಇಟ್ಟದ್ದು' ಎಂದು ಮನೆಯವರು ಹೇಳಿದರೂ ಸರಿಯೇ.

ಇನ್ನು ನಳಿಗೆ. ಬೆಲೆಯ ಮುಕ್ಕಾಲು ಪಾಲು ಇರುವುದು ಇಲ್ಲಿ, ಆದ್ದರಿಂದ ಅವಸರ ಬೇಡ. ಮುಂಭಾಗದ ಮರ ಬಿಚ್ಚಿ ನಳಿಗೆಗಳನ್ನು ಬೇರ್ಪಡಿಸಿಕೊಳ್ಳಿ. ತೋರಿಸುವ ಮೊದಲು ಒಳಗೆ ಎಣ್ಣೆ ಸವರಿಡುವುದು ಮಾರುವವರ ಹಳೆಯ ರೂಢಿ. ಎಣ್ಣೆಯ ಹೊಳಪಿನಲ್ಲಿ ತುಕ್ಕಿನ ಗುಳಿಗಳು ಕಾಣುವುದಿಲ್ಲ. ಒಣಬಟ್ಟೆ ಸುತ್ತಿದ ಕೋಲನ್ನು ಎರಡು ಮೂರು ಸಲ ಆಡಿಸಿ ಒಳಗನ್ನು ಪೂರ್ತಿ ಒಣಗಿಸಿ; ಬಟ್ಟೆಗೆ ಕೆಂಪು ಪುಡಿ ಅಂಟಿದರೆ ಅರ್ಧ ಉತ್ತರ ಸಿಕ್ಕಂತೆ. ಬಳಿಕ ಅಂಗಳಕ್ಕೆ ಬಂದು ಬೆಳಕಿನತ್ತ ಹಿಡಿದು ನೋಡಿ. ಒಳಗೋಡೆಯ ಮೇಲೆ ಬೆಳಕು ಉಂಗುರ ಉಂಗುರವಾಗಿ, ಒಂದೇ ಸಮನಾಗಿ ಕಾಣಬೇಕು. ನಳಿಗೆಯನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ಎಲ್ಲಾದರೂ ಉಂಗುರ ಸೊಟ್ಟಗಾದರೆ ಅಲ್ಲಿ ತಗ್ಗಿದೆ. ಒಂದೆಡೆ ಸುತ್ತಲೂ ದಟ್ಟ ನೆರಳು ನಿಂತರೆ ಅಲ್ಲಿ ನಳಿಗೆ ಉಬ್ಬಿದೆ. ಒಳಗೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದ ಗುರುತು ಅದು. ತಗ್ಗನ್ನು ಬಲ್ಲ ಕುಶಲಿಗ ಎತ್ತಿಯಾನು. ಉಬ್ಬಿದ ನಳಿಗೆಯ ಕೋವಿ ಬಿಟ್ಟಿ ಕೊಟ್ಟರೂ ಬೇಡ.

ತುಕ್ಕಿನ ಗುಳಿಗಳು ತುದಿಯ ಕಡೆ ಅಲ್ಲೊಂದು ಇಲ್ಲೊಂದು ಇದ್ದರೆ ಬೆಲೆ ಇಳಿಸಲು ಕಾರಣವಾಯಿತು, ಅಷ್ಟೆ. ನಳಿಗೆಯ ಹಿಂತುದಿಯಲ್ಲಿ ತೋಟಾ (ಕಾಡತೂಸು) ಕೂರುವ ಕೋಣೆಯಲ್ಲೋ ಅದರ ಮುಂದಿನ ಗೇಣುದ್ದದಲ್ಲೋ ಆಳವಾದ ಗುಳಿಗಳಿದ್ದರೆ ಮಾತು ಅಲ್ಲಿಗೇ ಮುಗಿಸಿ. ಈಡು ಸಿಡಿದಾಗ ಒತ್ತಡವೆಲ್ಲ ಬೀಳುವುದು ಅಲ್ಲೇ, ಅದರ ಪಕ್ಕದಲ್ಲೇ ನಿಮ್ಮ ಎಡಗೈ ಇರುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಮನೆಗಳಿಂದ ಬಂದ ಕೋವಿಯಾದರೆ ಇನ್ನಷ್ಟು ನಿಗಾ ಬೇಕು. ಉಪ್ಪುಗಾಳಿ ಒಂದೇ ಮಳೆಗಾಲದಲ್ಲಿ ಮಾಡುವ ಕೆಲಸಕ್ಕೆ ಘಟ್ಟದ ಮೇಲೆ ಹಲವು ಮಳೆಗಾಲ ಬೇಕು.

ಎರಡು ನಳಿಗೆಗಳನ್ನು ಬೆಸೆದ ಪಟ್ಟಿಯನ್ನೂ ಪರೀಕ್ಷಿಸಬೇಕು. ನಳಿಗೆಗಳ ಹಿಂತುದಿಯ ಕೊಕ್ಕೆಯನ್ನು ಬೆರಳಿಗೆ ಸಿಕ್ಕಿಸಿ ತೂಗಾಡಲು ಬಿಟ್ಟು ಉಗುರಿನಿಂದ ಬಾರಿಸಿ. ಬೆಸುಗೆ ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ನಾದ ಉಳಿಯುತ್ತದೆ. ಬೆಸುಗೆ ಬಿಟ್ಟಿದ್ದರೆ 'ಡಬ್' ಎಂದು ಸತ್ತ ಸದ್ದು ಬರುತ್ತದೆ. ಹಾಗಾದರೆ ಪಟ್ಟಿಯ ಅಡಿಗೆ ನೀರು ಇಳಿದು ಹೊರಗೆ ಕಾಣದ ತುಕ್ಕು ಬೆಳೆಯುತ್ತಿದೆ ಎಂದುಕೊಳ್ಳಿ. ತುದಿಯಲ್ಲಿ ಎರಡು ನಳಿಗೆಗಳ ನಡುವೆ ಸಂದು ಬಿಟ್ಟಿದ್ದರೆ ಯಾರೋ ಹಿಂದೆ ಕತ್ತರಿಸಿ ಗಿಡ್ಡ ಮಾಡಿದ್ದಾರೆ ಎಂಬ ಅನುಮಾನ ಬರಲಿ. ಪರವಾನಗಿಯಿಲ್ಲದೆ ಹಾಗೆ ಮಾಡುವುದು ಅಪರಾಧವೂ ಹೌದು.

ನಳಿಗೆಯ ಕೆಳಮೈಯಲ್ಲಿರುವ ಪರೀಕ್ಷಾ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಿ. ಬರ್ಮಿಂಗ್‌ಹ್ಯಾಮ್‌ನ ಕಿರೀಟದ ಗುರುತಿನಡಿ 'ಎನ್‌ಪಿ' ಅಕ್ಷರಗಳೋ 'ನೈಟ್ರೋ ಪ್ರೂಫ್' ಎಂಬ ಮಾತೋ ಇದ್ದರೆ ಆ ನಳಿಗೆಯನ್ನು ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿಗಾಗಿ ಪರೀಕ್ಷಿಸಿದ್ದಾರೆ ಎಂದರ್ಥ. ಮೊಟ್ಟೆಯಾಕಾರದ ಗೆರೆಯೊಳಗೆ 'ಇಎಲ್‌ಜಿ' ಎಂದಿದ್ದರೆ ಅದು ಬೆಲ್ಜಿಯಂನ ಲಿಯೇಜ್‌ನದು. ಮೇಲೆ ಇಂಗ್ಲಿಷ್ ಕಂಪನಿಯದ್ದೆನಿಸುವ ಹೆಸರಿದ್ದರೂ ನಂಬಬೇಡಿ. ಹಿಂದೆ ಪ್ರಸಿದ್ಧ ಹೆಸರುಗಳನ್ನು ಹೋಲುವ ಹೆಸರು ಕೆತ್ತಿದ ಅಗ್ಗದ ಕೋವಿಗಳು ಅಲ್ಲಿಂದ ಬಹಳ ಬಂದಿವೆ. ಮೈಮೇಲೆ ಸುರುಳಿ ಸುರುಳಿ ಚಿತ್ತಾರ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ನೋಡಲು ಚೆಂದ, ಆದರೆ ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ತೋಟಾ ಹಾಕಲು ಅಂಥದನ್ನು ಕೊಳ್ಳಬೇಡಿ.

ತೋಟಾದ ಉದ್ದದ ವಿಷಯ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. 12 ಬೋರ್ ಎಂದರೆ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ಅಗಲ ಒಂದೇ ಆದರೂ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹುಪಾಲಿನ ಕೋಣೆ 65 ಮಿ.ಮೀ. ಉದ್ದದ್ದು, ನಂತರದವುಗಳದ್ದು 70. ಮೋಸವಿರುವುದು ಎಲ್ಲಿ ಎಂದರೆ, 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ತೋಟಾದ ಉದ್ದ ಅಳೆಯುವುದು ಹಾರಿದ ಮೇಲೆ; ಅದಕ್ಕೂ ಮೊದಲು ಬಾಯಿ ಮಡಚಿರುವುದರಿಂದ ಗಿಡ್ಡವಾಗಿ ಕಾಣುತ್ತದೆ. ಹಾರುವಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೋಣೆಯ ಉದ್ದವನ್ನು ಬಂದೂಕು ಅಂಗಡಿಯವರಿಂದ ಅಳೆಯಿಸಿಕೊಂಡು, ಪೆಟ್ಟಿಗೆಯ ಮೇಲಿನ ಅಳತೆ ನೋಡಿಯೇ ತೋಟಾ ತನ್ನಿ.

ಕೀಲಿನ ಪರೀಕ್ಷೆ ಸುಲಭ. ನಳಿಗೆಗಳನ್ನು ಮತ್ತೆ ಜೋಡಿಸಿ, ಮುಂಭಾಗದ ಮರವನ್ನು ಮಾತ್ರ ಹಾಕದೆ ಕೋವಿ ಮುಚ್ಚಿ ಅಲುಗಿಸಿ. ಆ ಮರ ಇದ್ದರೆ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಡುತ್ತದೆ. 'ಕಟಕಟ' ಎಂದರೆ ಕೀಲು ಸವೆದಿದೆ. ಬಿಗಿ ಮಾಡಬಹುದು, ಆದರೆ ಖರ್ಚಿನ ಕೆಲಸ. ಹಿಂದೆ ಯಾರಾದರೂ ಕೊಕ್ಕೆಯನ್ನು ಸುತ್ತಿಗೆಯಿಂದ ಬಡಿದು 'ಬಿಗಿ' ಮಾಡಿದ್ದಾರೆಯೇ ಎಂದೂ ನೋಡಿ. ತಿರುಪುಗಳ ತಲೆ ಹರಿದುಹೋಗಿದ್ದರೆ ಅರಿಯದವರು ಬಿಚ್ಚಿದ್ದಾರೆ ಎಂದೇ ಲೆಕ್ಕ.

ಟ್ರಿಗರ್ ಪರೀಕ್ಷೆಗೆ ಅಂಗಡಿಯಲ್ಲಿ ಸಿಗುವ ಡಮ್ಮಿ ತೋಟಾ ಹಾಕಿಕೊಳ್ಳಿ. ಬರಿದೇ ಹೊಡೆದರೆ ಹಳೆಯ ಪಿನ್ನು ಮುರಿದೀತು. ಸೇಫ್ಟಿ ಹಾಕಿ ಎರಡೂ ಟ್ರಿಗರ್ ಒತ್ತಿ, ಬೆರಳು ತೆಗೆದು ಸೇಫ್ಟಿ ಬಿಡಿಸಿ. ಆಗ 'ಟಕ್' ಎಂದು ಹ್ಯಾಮರ್ ಬಿದ್ದರೆ ಅದು ಅಪಾಯದ ಕೋವಿ. ಒಂದು ಕಡೆ ಹಾರಿಸಿದಾಗ ಇನ್ನೊಂದು ಕಡೆ ತಾನಾಗಿ ಬೀಳಬಾರದು. ಮರದಲ್ಲಿ ನೋಡಬೇಕಾದದ್ದು ಹಿಡಿಯುವ ಸಪೂರ ಜಾಗದ ಬಿರುಕು ಮಾತ್ರ. ಉಳಿದ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರಿವಾಲ್ವರ್ ನೋಡಲು ಹೋದವರಿಗೂ ಕ್ರಮ ಹೆಚ್ಚು ಕಡಿಮೆ ಇದೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿ ಮಾದರಿಯಲ್ಲಿ ನಡುವೆ ಮಡಚಿಕೊಳ್ಳುವಂಥದು, ಮೇಲಿನ ಚಿಲಕ ಸವೆದಿದೆಯೇ ಎಂದು ಮೊದಲು ನೋಡಿ. ಖಾಲಿ ಇರುವುದನ್ನು ಖಚಿತಪಡಿಸಿಕೊಂಡು ಹ್ಯಾಮರ್ ಇಳಿಸಿ, ಟ್ರಿಗರ್ ಒತ್ತಿ ಹಿಡಿದೇ ಉರುಳೆಯನ್ನು ಅಲುಗಿಸಿ. ಆರೂ ಕೋಣೆಗಳಲ್ಲಿ ಬೇರೆ ಬೇರೆಯಾಗಿ ಮಾಡಬೇಕು. ಒಂದರಲ್ಲಿ ಬಿಗಿಯಾಗಿದ್ದು ಇನ್ನೊಂದರಲ್ಲಿ ಸಡಿಲವಾಗಿರುವುದುಂಟು. ಕೋಣೆ ನಳಿಗೆಗೆ ನೇರವಾಗಿ ನಿಲ್ಲದಿದ್ದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಬೆಲೆಗೆ ನಿಗದಿಯಾದ ದರಪಟ್ಟಿಯಿಲ್ಲ. 1980ರ ದಶಕದಲ್ಲಿ ಖಾಸಗಿ ಆಮದು ನಿಂತ ಮೇಲೆ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್ ಎಂಬ ಇಂಗ್ಲಿಷ್ ಕಂಪನಿಗಳ ಹೆಸರುಗಳಿಗೆ ಇಲ್ಲಿ ಬಂದಿರುವ ಬೆಲೆಗೆ ಕಬ್ಬಿಣಕ್ಕಿಂತ ಹೆಸರೇ ಕಾರಣ. ತೋಟ ಕಾಯುವುದಷ್ಟೇ ಉದ್ದೇಶವಾದರೆ, ಒಳಗೆ ಕನ್ನಡಿಯಂತಿರುವ, ಬಿಹಾರದ ಮುಂಗೇರ್‌ನ ಒಂಟಿನಳಿಗೆಯು ಗುಳಿಬಿದ್ದ ಗ್ರೀನರ್‌ಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಂ, ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆ ಅದರ ಪಾಡಿಗೆ ಅದು ಇದ್ದೇ ಇದೆ.

ಒಪ್ಪಿಗೆಯಾದ ಮೇಲೂ ಅಂದೇ ಕೋವಿ ಹೆಗಲಿಗೇರಿಸಿ ಬರುವಂತಿಲ್ಲ. ಖಾಸಗಿಯಾಗಿ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ಆ ಅವಧಿಯಲ್ಲಿ ಪರವಾನಗಿ ಇರುವ ಬಂದೂಕು ಅಂಗಡಿಯ ಕುಶಲಿಗನಿಂದ ಒಮ್ಮೆ ನೋಡಿಸಿ, ಅಭಿಪ್ರಾಯವನ್ನು ಬರೆಯಿಸಿಕೊಳ್ಳಿ. ಚುನಾವಣೆಯ ಹೊತ್ತಿನಲ್ಲಿ ಕೋವಿ ಜಮಾ ಮಾಡಬೇಕಾಗಿ ಬಂದರೆ ನಳಿಗೆಯ ಒಳಹೊರಗೆ ದಪ್ಪಗೆ ಎಣ್ಣೆ ಹಚ್ಚಿಯೇ ಕೊಡಿ, ರಸೀದಿಯಲ್ಲಿ ಸಂಖ್ಯೆ ಸರಿಯಾಗಿದೆಯೇ ನೋಡಿ, ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಮರಳಿ ಬಂದ ದಿನವೇ ಒಣಬಟ್ಟೆಯ ಕೋಲು ಮತ್ತೆ ಕೈಗೆತ್ತಿಕೊಳ್ಳಿ.