ಮಳೆಗಾಲದಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಎಲೆಕ್ಟ್ರೋಡ್ ಮಾಡೋದು ಹೇಗೆ

ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಸೂಪರ್‌ಕೆಪಾಸಿಟರ್ (ಚಾರ್ಜನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ) ಪ್ರಾಜೆಕ್ಟ್ ತಗೊಂಡಿದ್ದೀರಾ? ಹಾಗಾದ್ರೆ ಮ್ಯಾಂಗನೀಸ್ ಡೈಆಕ್ಸೈಡಿನಿಂದಲೇ ಶುರು ಮಾಡಿ. ರುಥೇನಿಯಂ ಆಕ್ಸೈಡ್ ಇನ್ನೂ ಚೆನ್ನಾಗಿ ಚಾರ್ಜ್ ಹಿಡಿಯುತ್ತದೆ ನಿಜ, ಆದರೆ ಅದರ ರೇಟ್ ನೋಡಿದ ಮೇಲೆ ಯಾವ ಗೈಡೂ ಸಹಿ ಹಾಕೋದಿಲ್ಲ.

ಪೊಟ್ಯಾಸಿಯಂ ಪರ್ಮ್ಯಾಂಗನೇಟ್ 0.316 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ ಮೊನೊಹೈಡ್ರೇಟ್ 0.507 ಗ್ರಾಂ ತೂಗಿ. ಅಂದರೆ 2 ಮಿಲಿಮೋಲಿಗೆ 3 ಮಿಲಿಮೋಲ್. ಒಂದೊಂದನ್ನೂ 35 ಮಿ.ಲೀ. ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ, ಕಲಕುತ್ತಾ ಸೇರಿಸಿ. ನೇರಳೆ ಬಣ್ಣ ಹೋಗಿ ಕಂದು ಗಸಿ ಬರುತ್ತದೆ. ಅದನ್ನು 100 ಮಿ.ಲೀ. ಟೆಫ್ಲಾನ್ ಆಟೋಕ್ಲೇವಿಗೆ (ಒತ್ತಡ ತಡೆಯುವ ಬಿಗಿ ಮುಚ್ಚಳದ ಪಾತ್ರೆಗೆ) ಹಾಕಿ, 140 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಗಂಟೆ ಓವನ್‌ನಲ್ಲಿಡಿ. ಪೂರ್ತಿ ತುಂಬಿಸಬೇಡಿ, ಬಿಸಿ ಇರುವಾಗ ತೆರೆಯಲೂ ಬೇಡಿ, ಒಳಗೆ ಒತ್ತಡ ಇರುತ್ತದೆ. ತಣ್ಣಗಾದ ಮೇಲೆ ನೀರು, ಎಥನಾಲ್‌ನಲ್ಲಿ ತೊಳೆದು 80 ಡಿಗ್ರಿಯಲ್ಲಿ ಒಣಗಿಸಿ. ಸಾಮಾನ್ಯವಾಗಿ ಸಿಗೋದು ನ್ಯಾನೋ ಕಡ್ಡಿಗಳು.

ಇಲ್ಲಿವರೆಗೆ ಸುಲಭ. ಕೆಡೋದು ಮುಂದೆ, ಅದೂ ನಮ್ಮ ಕರಾವಳಿಯ ಜೂನ್–ಜುಲೈಯಲ್ಲಿ, ಒಗೆದ ಬಟ್ಟೆಯೇ ಒಣಗದ ದಿನಗಳಲ್ಲಿ.

ಪುಡಿ 80 ಪಾಲು, ಕಾರ್ಬನ್ ಬ್ಲ್ಯಾಕ್ 10, ಪುಡಿಯನ್ನು ಹಿಡಿದಿಡುವ ಅಂಟು ಪಿವಿಡಿಎಫ್ 10. ಆಕ್ಸೈಡಿನಲ್ಲಿ ಕರೆಂಟ್ ಸರಿಯಾಗಿ ಹರಿಯೋದಿಲ್ಲ, ಅದಕ್ಕೇ ಕಾರ್ಬನ್. ಇದನ್ನು ಎನ್‌ಎಂಪಿ ದ್ರಾವಕದಲ್ಲಿ ಅರೆದು ಪೇಸ್ಟ್ ಮಾಡಬೇಕು. ಗ್ಲೌಸ್ ಹಾಕಿಕೊಂಡು, ಫ್ಯೂಮ್ ಹುಡ್‌ ಒಳಗೇ ಮಾಡಿ, ಎನ್‌ಎಂಪಿ ಮೈಗೆ ಒಳ್ಳೆಯದಲ್ಲ. ಈ ಎನ್‌ಎಂಪಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೀರು ಸೇರಿತೋ ಪಿವಿಡಿಎಫ್ ಅದರಿಂದ ಬೇರೆಯಾಗಿ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ಅರೆದರೂ ಪೇಸ್ಟ್ ನುಣ್ಣಗಾಗೋದಿಲ್ಲ. ಹಾಗಾಗಿ ಬಾಟಲಿ ಮುಚ್ಚಳ ತೆರೆದಿಟ್ಟು ಫೋನಲ್ಲಿ ಮಾತಾಡ್ತಾ ನಿಲ್ಲಬೇಡಿ. ಪುಡಿಗಳನ್ನು ಡೆಸಿಕೇಟರ್‌ನಲ್ಲೇ (ಒಳಗಿನ ಗಾಳಿ ಒಣಗಿರುವ ಮುಚ್ಚಿದ ಪಾತ್ರೆಯಲ್ಲಿ) ಇಡಿ. ಅದರೊಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಓವನ್‌ನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಿ.

ಗ್ರಾಫೈಟ್ ಶೀಟಿನ 1 ಚದರ ಸೆಂ.ಮೀ. ಜಾಗಕ್ಕೆ ಪೇಸ್ಟ್ ತೆಳುವಾಗಿ ಬಳಿದು, ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ. ಬಳಿಯುವ ಮೊದಲಿನ ತೂಕವನ್ನೂ ಒಣಗಿದ ಮೇಲಿನ ತೂಕವನ್ನೂ ಬರೆದಿಡಿ. ಆಕ್ಸೈಡ್ ಇರೋದೇ ಒಂದು ಮಿಲಿಗ್ರಾಂ ಆಸುಪಾಸು, ಅದರಲ್ಲಿ 0.2 ಮಿಲಿಗ್ರಾಂ ತೇವ ಸೇರಿಕೊಂಡರೂ ಲೆಕ್ಕ ಸುಮಾರು ಶೇ 20ರಷ್ಟು ಆಚೀಚೆ ಆಗುತ್ತದೆ ಅಲ್ವಾ?

ಟೆಸ್ಟಿಗೆ 1 ಮೋಲಾರ್ ಸೋಡಿಯಂ ಸಲ್ಫೇಟ್ ದ್ರಾವಣ, ಎದುರು ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ, ವೋಲ್ಟೇಜ್ ಹೋಲಿಸಿ ಅಳೆಯೋಕೆ ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಸಾಕು. ವೋಲ್ಟೇಜ್ 0ಯಿಂದ 0.8 ವೋಲ್ಟ್ ಒಳಗೇ ಇರಲಿ. ಗ್ರಾಮಿಗೆ ಎಷ್ಟು ಕೆಪಾಸಿಟೆನ್ಸ್ ಅಂತ ತಿಳಿಯೋಕೆ, ಕರೆಂಟನ್ನು ಡಿಸ್ಚಾರ್ಜ್ ಸಮಯದಿಂದ ಗುಣಿಸಿ, ಆಕ್ಸೈಡಿನ ತೂಕದಿಂದಲೂ ವೋಲ್ಟೇಜಿನಿಂದಲೂ ಭಾಗಿಸಿ. 1 ಮಿಲಿಗ್ರಾಂ ಆಕ್ಸೈಡಿಗೆ 1 ಮಿಲಿಆಂಪಿಯರ್ ಕೊಟ್ಟು 160 ಸೆಕೆಂಡ್ ಬಂದರೆ, ಗ್ರಾಮಿಗೆ 200 ಫ್ಯಾರಡ್. ಪೇಸ್ಟಿನ ಪೂರ್ತಿ ತೂಕ ಹಾಕಬೇಡಿ, ಅದರ ಶೇ 80 ಮಾತ್ರ ಆಕ್ಸೈಡ್.

ಸಿವಿ ಗ್ರಾಫ್ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆದು ಬರೆದದ್ದು) ಹೆಚ್ಚುಕಡಿಮೆ ಆಯತದ ಹಾಗಿರಬೇಕು. ಎಲೆಯಂತೆ ಓರೆಯಾಗಿ ಬಂದರೆ ಎಲ್ಲೋ ರೆಸಿಸ್ಟೆನ್ಸ್ ಜಾಸ್ತಿ ಇದೆ. ಹೊಸ ಪುಡಿ ಮಾಡೋಕೆ ಓಡಬೇಡಿ, ಮೊದಲು ಕ್ಲಿಪ್ ಸಡಿಲವಾಗಿದೆಯಾ, ತುಕ್ಕು ಹಿಡಿದಿದೆಯಾ ನೋಡಿ.