ಶೇಕಡಾ ಬದಲಾವಣೆ: ಯಾವುದರಿಂದ ಭಾಗಿಸಬೇಕು?

ಪ್ರಯೋಗದ ಲೆಕ್ಕದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಎರಡನೇ ಅಳತೆಯಿಂದ ಮೊದಲನೆಯದನ್ನು ಕಳೆಯಿರಿ. ಬಂದದ್ದನ್ನು ಮೊದಲ ಅಳತೆಯಿಂದಲೇ ಭಾಗಿಸಿ, 100ರಿಂದ ಗುಣಿಸಿ. ಉಪ್ಪುನೀರಿನಲ್ಲಿಟ್ಟ ಆಲೂಗಡ್ಡೆ ತುಂಡು 2.50 ಗ್ರಾಂನಿಂದ 2.15 ಗ್ರಾಂಗೆ ಇಳಿಯಿತು ಅನ್ನಿ. ವ್ಯತ್ಯಾಸ −0.35. ಅದನ್ನು 2.50ರಿಂದ ಭಾಗಿಸಿದರೆ −14%. ತಪ್ಪಿ 2.15ರಿಂದ ಭಾಗಿಸಿದರೋ, ಇಳಿಕೆ 16% ದಾಟುತ್ತದೆ! ಆ ಮೈನಸ್ಸನ್ನು ಸುಮ್ನೆ ಬಿಟ್ಟುಬಿಡಬೇಡಿ, ತೂಕ ಇಳಿದಿದೆ ಅಂತ ಹೇಳುವುದೇ ಅದು.

ತಾಪಮಾನ ಬಂದಾಗ ಮಾತ್ರ ಹುಷಾರು. 20 ಡಿಗ್ರಿ ಸೆಲ್ಸಿಯಸ್ ಇದ್ದದ್ದು 40 ಆದರೆ 100% ಏರಿತು ಅನ್ನಿಸುತ್ತದೆ, ಅಲ್ವಾ? ಆದರೆ ಸೆಲ್ಸಿಯಸ್‌ನ ಸೊನ್ನೆ ನಿಜವಾದ ಸೊನ್ನೆ ಅಲ್ಲ. ನಿಜವಾದ ಸೊನ್ನೆಯಿಂದಲೇ, ಅಂದರೆ ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲದ ಮಟ್ಟದಿಂದಲೇ, ಎಣಿಸುವ ಕೆಲ್ವಿನ್ ಮಾಪಕದಲ್ಲಿ ಅದು 293ರಿಂದ 313, ಏರಿಕೆ ಸುಮಾರು 6.8% ಅಷ್ಟೇ. ನಾನಂತೂ ತಾಪಮಾನಕ್ಕೆ ಶೇಕಡಾ ಹಾಕುವುದೇ ಇಲ್ಲ, ಎಷ್ಟು ಡಿಗ್ರಿ ಏರಿತು ಅಂತ ಬರೆದುಬಿಡುತ್ತೇನೆ.